ಭುವನಾಳಿಗೆ ಹೇಳಿದ ಹೆಸರುಗಳು

ಜನವರಿ 8, ರಾಯದುರ್ಗ

ಇರಲು ಜಾಗ ಸಿಕ್ಕಿತು. ಭುವನಾಳ ಮನೆಯ ಮಹಡಿ ಕೋಣೆ. ಅರ್ಧಕ್ಕೆ ಜೀನ್ಸ್ ಬಟ್ಟೆಯ ಥಾನುಗಳನ್ನು ಒಟ್ಟಿದ್ದಾರೆ, ಇನ್ನರ್ಧಕ್ಕೆ ನನ್ನ ಮಂಚ. ಕೆಳಗೆ ಅವಳ ತಂದೆ ಗಂಗಾಧರಪ್ಪನವರ ಹೊಲಿಗೆ ಮಿಷನ್‌ಗಳು ಓಡುವಾಗ ಮಂಚ ಸಣ್ಣಗೆ ನಡುಗುತ್ತದೆ.

ನಾವಿಬ್ಬರೂ ಇವತ್ತೇ ಕೆಲಸಕ್ಕೆ ಸೇರಿದೆವು. ಈ ಕಡೆಯ ಕಲ್ಲುಬೆಟ್ಟಗಳಲ್ಲಿ ಯಾವ ಯಾವ ಹಾಡುಹಕ್ಕಿಗಳಿವೆ ಎಂದು ಸಂಸ್ಥೆಯೊಂದು ಲೆಕ್ಕ ಹಾಕಿಸುತ್ತಿದೆ. ಮುಖ್ಯಸ್ಥರು ರವಿಶಂಕರ ಸರ್. ಮಾರ್ಚ್ ಮುಗಿಯುವವರೆಗೆ ಇಬ್ಬರಿಗೂ ತರಬೇತಿ, ಆಮೇಲೆ ಒಬ್ಬರನ್ನೇ ಎರಡು ವರ್ಷಕ್ಕೆ ಉಳಿಸಿಕೊಳ್ಳುತ್ತೇವೆ ಎಂದರು. ಚಹಾಕ್ಕೆ ಸಕ್ಕರೆ ಬೇಕೋ ಬೇಡವೋ ಎಂದು ಕೇಳುವ ಧ್ವನಿಯಲ್ಲೇ ಹೇಳಿದರು.

ಏನು ಓದಿದ್ದೀ ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಮತ್ತೂ ಕೇಳಿಸಲಿಲ್ಲ. ಆಗ ಪಕ್ಕದಲ್ಲಿದ್ದ ಭುವನಾ, "ಎಂ.ಎ. ಕನ್ನಡ ಅಂತ್ರಿ ಸರ್. ಮಡಕಶಿರದಿಂದ ಬಂದಾಳ. ಧ್ವನಿ ಹಿಂದಿನ ಬಸ್ಸಿಗೆ ಬರಾಕತ್ತೈತಿ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಅವಳೇ ಮನೆಗೆ ಕರೆತಂದಳು. "ಊಟಕ್ಕ ರೊಕ್ಕ ಕೊಡ್ತೀನಿ ಅಂತ ಬಾಯಿ ತಗದಿ ಅಂದ್ರ ನಮ್ಮವ್ವ ಸೌಟು ತಗೋತಾಳ ನೋಡು, ಗಂಗೂ," ಎಂದಳು. ಒಂದೇ ದಿನಕ್ಕೆ ಗಂಗೋತ್ರಿ ಹೋಗಿ ಗಂಗೂ ಆದೆ.

ಜನವರಿ 19

ಬೆಟ್ಟದಲ್ಲಿ ನಮ್ಮ ಕೆಲಸ ಇಷ್ಟೇ. ಬಂಡೆಗಳ ನಡುವೆ ಗೊತ್ತು ಮಾಡಿದ ಜಾಗದಲ್ಲಿ ಅಲುಗದೆ ನಿಲ್ಲಬೇಕು. ಒಬ್ಬರು ಕೇಳಿಸಿದ ಹಕ್ಕಿಯ ಹೆಸರನ್ನು ಫೋನಿಗೆ ಹೇಳುತ್ತ ಹೋಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಹಕ್ಕಿ ಕಣ್ಣಿಗೆ ಬೀಳುವುದು ಅಪರೂಪ. ಕಾರೆ ಪೊದೆಯ ಒಳಗೆಲ್ಲೋ ಕೂತು ಕೂಗುತ್ತದೆ, ಅಷ್ಟೇ. ಫೋನಿನಲ್ಲಿ ಹಕ್ಕಿಯ ಕೂಗೂ ನಮ್ಮ ಮಾತೂ ಎರಡೂ ದಾಖಲಾಗುತ್ತವೆ. ಸಂಜೆ ಸರ್ ಅದನ್ನು ಕೂತು ಕೇಳುತ್ತಾರೆ.

ಮಾತು ಭುವನಾಳದು, ಬರೆಯುವುದು ನನ್ನದು ಎಂದು ಮೊದಲ ದಿನವೇ ತೀರ್ಮಾನವಾಯಿತು. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ಆದರೆ ಕಿವಿ ನನ್ನದು. ಇದು ನನಗೂ ಗೊತ್ತಿರಲಿಲ್ಲ. ಛಂದಸ್ಸು ಓದಿದ್ದರಿಂದಲೋ ಏನೋ, ಒಂದು ಕೂಗನ್ನು ಒಮ್ಮೆ ಕೇಳಿದರೆ ಅದರ ಗುರು ಲಘುಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಮಧುರಕಂಠ ಗುರುವೊಂದನ್ನು ಉದ್ದಕ್ಕೆ ಎಳೆದು, ಕೊನೆಗೆ ಲಘುವೊಂದನ್ನು ಕೆಳಗೆ ಬಿಡುತ್ತದೆ. ಸಿಂಪಿಗ ಲಘು ಲಘು ಎಂದು ಹೊಲಿಗೆ ಹಾಕುತ್ತಲೇ ಇರುತ್ತದೆ. ಬಿಳಿಹುಬ್ಬಿನ ಪಿಕಳಾರ ಕುದಿಯುವ ನೀರು ಮುಚ್ಚಳ ಎತ್ತಿದಂತೆ ಒಮ್ಮೆಲೇ ಗಳಗಳಿಸುತ್ತದೆ. ಹಳದಿ ಕೊರಳಿನ ಪಿಕಳಾರವೂ ಹಾಗೆಯೇ ಶುರು ಮಾಡುತ್ತದೆ, ಆದರೆ ನಡುವೆ ಒಂದು ಯತಿ ಕೊಟ್ಟು ಉಳಿದದ್ದನ್ನು ಬಿಡಿಸಿ ಹೇಳುತ್ತದೆ. ನಾವು ಹುಡುಕುತ್ತಿರುವುದೇ ಈ ಹಳದಿ ಕೊರಳಿನದನ್ನು. ಇಂಥ ಕಲ್ಲುಬೆಟ್ಟ ಬಿಟ್ಟರೆ ಬೇರೆಲ್ಲೂ ಅದು ಬದುಕುವುದಿಲ್ಲವಂತೆ.

ನಾನು ಭುವನಾಳ ಕಿವಿಯಲ್ಲಿ ಹೆಸರು ಹೇಳುತ್ತೇನೆ, ಅವಳು ಫೋನಿಗೆ ಗಟ್ಟಿಯಾಗಿ ಹೇಳುತ್ತಾಳೆ. "ನೀ ಕಿವಿ, ನಾ ಬಾಯಿ. ಇಬ್ಬರ್ನೂ ಸೇರಿಸಿದ್ರ ಒಂದು ಪೂರಾ ಮನುಷ್ಯಾ ಆಗ್ತದ," ಎನ್ನುತ್ತಾಳೆ. ನನಗೂ ಹಾಗೇ ಅನ್ನಿಸುತ್ತದೆ. ಇಷ್ಟು ಸುಖವಾಗಿ ನಾನು ಯಾರ ಜೊತೆಗೂ ಇದ್ದಿಲ್ಲ.

ಫೆಬ್ರವರಿ 6

ಸರ್ ಇವತ್ತು ಎಲ್ಲರೆದುರು, "ಭುವನಾ, ಇಂಥಾ ಕಿವಿ ನಾನು ನೋಡಿಲ್ಲ ನೋಡವಾ," ಎಂದರು.

ಅವಳು ನನ್ನ ಕಡೆ ನೋಡಿ, "ಇಲ್ರಿ ಸರ್, ಇಕಿನೂ ಹೇಳ್ತಾಳ್ರಿ," ಎಂದಳು.

ಇಕಿನೂ.

ನಾನು ಬಾಯಿ ತೆರೆಯಬಹುದಿತ್ತು. ಹಾಳೆಗಳನ್ನು ಜೋಡಿಸುತ್ತ ನಿಂತೆ. ಸರ್ ನನ್ನ ಕಡೆ ನೋಡಿ, "ಅಕ್ಷರ ಭಾಳ ಚಂದ ಐತಿ ನಿಂದು," ಎಂದರು.

ಫೆಬ್ರವರಿ 11

ಭಾನುವಾರ. ಮಾಳಿಗೆಯ ಮೇಲೆ ಭುವನಾ ತಲೆ ಒಣಗಿಸಿಕೊಳ್ಳುತ್ತ ತನ್ನ ಮದುವೆಯ ಸುದ್ದಿ ಹೇಳಿದಳು. ಗುಮ್ಮಘಟ್ಟದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿರುವ ವಾಗೀಶ್ ಅವಳ ತಾಯಿಯ ತಮ್ಮ. ಸೋದರಮಾವನಿಗೇ ಕೊಡಬೇಕೆಂದು ಮನೆಯಲ್ಲಿ ಯಾವತ್ತೋ ನಿಶ್ಚಯವಾಗಿದೆ.

"ನಾ ಹುಟ್ಟಿದಾಗ ತೊಟ್ಟಿಲ ತೂಗಿದಾಂವ. ಅವನ ಹೆಗಲ ಮ್ಯಾಲ ಕುಂತು ಊರು ತಿರಗೀನಿ. ಈಗ ಮಾಮಾ ಅನ್ನೋದು ಬಿಟ್ಟು ರೀ ಅನ್ನಬೇಕಂತ."

"ಕೆಟ್ಟವರಾ?" ಎಂದು ಕೇಳಿದೆ.

"ಒಳ್ಳೇವ. ಅದ ನೋಡು ತ್ರಾಸು. ಕೆಟ್ಟಾಂವ ಇದ್ದಿದ್ರ ಒಲ್ಲೆ ಅನ್ನಾಕ ಸುಲಭ ಇತ್ತು."

ಅವಳ ತಂದೆ ಒಂದು ಮಾತು ಕೊಟ್ಟಿದ್ದಾರೆ. ಈ ಕೆಲಸ ಅವಳದೇ ಆದರೆ ವಾಗೀಶನಿಗೆ ಬೇರೆ ಹೆಣ್ಣು ನೋಡಿಕೊಳ್ಳಲು ಹೇಳುತ್ತಾರೆ. ಆಗದಿದ್ದರೆ ಏಪ್ರಿಲ್ ಕೊನೆಗೆ ಮೂಢ ಬರುತ್ತದೆ, ಆಮೇಲೆ ಎರಡು ತಿಂಗಳು ಮುಹೂರ್ತವಿಲ್ಲ, ಅದಕ್ಕೆ ಮೊದಲೇ ಅಕ್ಷತೆ ಹಾಕಿಬಿಡುತ್ತಾರೆ.

"ನಿನಗೇನು ಬಿಡು, ಎಂ.ಎ. ಮಾಡೀದಿ. ಇದಲ್ಲದಿದ್ರ ಇನ್ನೊಂದು ಸಿಗ್ತದ," ಎಂದಳು.

ಈ ಆಂಧ್ರದ ಗಡಿಯಲ್ಲಿ ಕನ್ನಡ ಎಂ.ಎ.ಗೆ ಏನು ಸಿಗುತ್ತದೆ ಎಂದು ಅವಳಿಗೆ ಗೊತ್ತಿಲ್ಲವೇ? ಗೊತ್ತಿರಬೇಕು. ಗೊತ್ತಿದ್ದೂ ಹಾಗೆ ಹೇಳಿದಳು.

ಫೆಬ್ರವರಿ 20

ಇವತ್ತು ನಾನು ತಪ್ಪಿದೆ. ಕಣಿವೆಯ ಆಲದ ಮರದಲ್ಲಿ ಕಾಜಾಣದ ಸಿಳ್ಳು ಕೇಳಿತು. ಭುವನಾಳ ಕಿವಿಯಲ್ಲಿ ಕಾಜಾಣ ಎಂದೆ, ಅವಳು ಫೋನಿಗೆ ಹೇಳಿದಳು.

ಸಂಜೆ ಸರ್ ಜೋರಾಗಿ ನಕ್ಕರು. ಅದು ಎಲೆಹಕ್ಕಿಯಂತೆ. ಬೇರೆ ಹಕ್ಕಿಗಳನ್ನು ಅಣಕಿಸುವುದೇ ಅದರ ಚಾಳಿ. "ಮೊದಲು ಕಾಜಾಣ, ಹಿಂದ ಪಿಕಳಾರ, ಅದರ ಹಿಂದ ಸಿಂಪಿಗ. ಒಂದ ಗಿಡ, ಒಂದ ಬಾಯಿ. ಅಷ್ಟೂ ತಿಳೀಲಿಲ್ಲೇನವಾ? ಎಲಿ ಅಷ್ಟು ಹಕ್ಕಿ ನಿನ್ನ ಮಂಗ್ಯಾ ಮಾಡಿ ಹೋತಲ್ಲ!" ಆಫೀಸಿನ ಜೀಪ್ ಓಡಿಸುವ ಪಾಲಯ್ಯನೂ ನಕ್ಕ.

ಭುವನಾ ನನ್ನ ಹೆಸರು ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ, "ದಿನಾ ಹೊಗಳಿಸಿಕೊಂತೀನಿ, ಒಂದಿನ ಬೈಸಿಕೊಂಡ್ರ ಏನ್ ಸವೀತೀನಿ?" ಎಂದಳು. ಅವಳ ಕಿವಿ ಮಾತ್ರ ಕೆಂಪಗಾಗಿತ್ತು.

ಊಟ ಚೆನ್ನಾಗಿತ್ತು. ಎರಡು ರೊಟ್ಟಿ ಹೆಚ್ಚು ತಿಂದೆ.

ಫೆಬ್ರವರಿ 27

ಹೊಸ ನಿಯಮ. ಇನ್ನು ಮುಂದೆ ಇಬ್ಬರೂ ಬೇರೆ ಬೇರೆಯಾಗಿ ಹಕ್ಕಿ ಗುರುತಿಸಬೇಕು. ಭುವನಾ ಫೋನಿಗೆ ಹೇಳಬೇಕು, ನಾನು ನನ್ನ ಹಾಳೆಯಲ್ಲಿ ಬರೆಯಬೇಕು, ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಸಂಜೆ ಸರ್ ಎರಡನ್ನೂ ಹೋಲಿಸಿ ನೋಡುತ್ತಾರೆ.

ಬೆಟ್ಟದಲ್ಲಿ ಸರ್ ಇರುವುದಿಲ್ಲ. ಮೊದಲ ಕೂಗಿಗೇ ಭುವನಾ ಹುಬ್ಬೆತ್ತಿ ನನ್ನನ್ನು ನೋಡಿದಳು. ಮಾತಾಡಿದರೆ ಫೋನಿಗೆ ಕೇಳಿಸುತ್ತದೆ. ಹಾಗಾಗಿ ತುಟಿಯಲ್ಲೇ ಹೇಳಿದೆ. ಅವಳಿಗೆ ಅರ್ಥವಾಯಿತು.

ಕೇಳಬಾರದು ಎಂದ ಮೇಲೆ ಕೇಳುವುದು ತಪ್ಪಲ್ಲವೇ? ನಾನಂತೂ ಅವಳನ್ನು ಏನೂ ಕೇಳುವುದಿಲ್ಲ.

ಮಾರ್ಚ್ 2

ಉಲಿಯಕ್ಕಿ ಕೂಗಿತು. ತುಟಿಯಲ್ಲಿ ಸಿಂಪಿಗ ಎಂದೆ. ಅವಳು ಸಿಂಪಿಗ ಎಂದಳು. ನಾನು ಉಲಿಯಕ್ಕಿ ಎಂದು ಬರೆದೆ.

ಒಂದೇ ಸಲ, ಸುಮ್ಮನೆ ನೋಡಲು.

ಮಾರ್ಚ್ 9, ಊರಿನಲ್ಲಿ

ಶಿವರಾತ್ರಿಗೆ ಮಡಕಶಿರದ ಬಸ್ಸಿಳಿದು ಮನೆಗೆ ಬಂದೆ. ಮನೆ ತುಂಬ ರೇಷ್ಮೆಹುಳ. ಹಜಾರದಲ್ಲಿ, ಅಡುಗೆಮನೆಯ ಗೋಡೆಯುದ್ದಕ್ಕೂ ತಟ್ಟೆಗಳು. ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಮಳೆಯ ಹಾಗೆ. ನನಗೆ ಮಲಗಲು ಉಳಿದಿದ್ದು ಬಾಗಿಲ ಹತ್ತಿರ ಒಂದು ಚಾಪೆಯಷ್ಟು ಜಾಗ.

ಸೋದರತ್ತೆ ಮಂಜಮ್ಮ ಬಂದಿದ್ದಳು. "ಕನ್ನಡ ಓದ್ಕಂಡು ಈ ಸೀಮೇಲಿ ಏನ್ ಮಾಡ್ತೀಯಮ್ಮಿ? ಹುಳಕ್ಕೆ ಪದ್ಯ ಹೇಳಿದ್ರೆ ಗೂಡು ದಪ್ಪ ಕಟ್ತವಾ?" ಎಂದಳು. ಅಪ್ಪ ಲಕ್ಷ್ಮೀನರಸಪ್ಪ ಸೊಪ್ಪು ಕತ್ತರಿಸುತ್ತ ತಲೆ ಎತ್ತಲಿಲ್ಲ. ಹೋದ ವರ್ಷವೂ ಅವಳು ಇದನ್ನೇ ಕೇಳಿದ್ದಳು, ಆಗ ಎದ್ದು ಹಿತ್ತಲಿಗೆ ಹೋಗಿದ್ದೆ. ಈ ಸಲ, "ನಿನ್ನ ಮಗ ಏನೂ ಓದಿಲ್ವಲ್ಲ ಅತ್ತೆ, ಅವನು ಹೇಳಿಕೊಟ್ರೆ ಕಟ್ತವೇನೋ," ಎಂದೆ. ಅಪ್ಪನ ಕತ್ತಿ ನಿಂತಿತು.

ಸಂಜೆ ಅಮ್ಮನ ಜೊತೆ ರೋಗದ ಹುಳ ಆರಿಸಲು ಕೂತೆ. ಮೈ ಊದಿ ಹಳದಿಗೆ ತಿರುಗಿದವನ್ನು ಎತ್ತಿ ಸುಣ್ಣದ ನೀರಿಗೆ ಹಾಕಬೇಕು. ಬಿಟ್ಟರೆ ಒಂದರಿಂದ ತಟ್ಟೆಯೇ ಹೋಗುತ್ತದೆ. ಬಕೆಟ್ಟಿನಲ್ಲಿ ಅವು ಸ್ವಲ್ಪ ಹೊತ್ತು ಬಳುಕಿ ಸುಮ್ಮನಾಗುತ್ತವೆ.

ಅಮ್ಮ, "ಮೊದ್ಲೆಲ್ಲ ಮುಟ್ತಾನೇ ಇರ್ಲಿಲ್ಲ ನೀನು. ಅಳ್ತಿದ್ದೆ," ಎಂದಳು.

ಅದರಲ್ಲಿ ಅಳುವಂಥದ್ದೇನಿದೆ. ಕಣ್ಣು ಚುರುಕಿದ್ದರೆ ಬೇಗ ಮುಗಿಯುವ ಕೆಲಸ.

ಮಾರ್ಚ್ 14, ರಾಯದುರ್ಗ

ಬಿಳಿಹುಬ್ಬಿನದು ಕೂಗಿದಾಗ ಹಳದಿ ಕೊರಳಿನದೆಂದು ಹೇಳಿಸಿದೆ.

ಸರ್ ಈ ಸಲ ನಗಲಿಲ್ಲ. "ಇದ್ದ ಹಕ್ಕಿ ಬಿಟ್ರ ಒಂದು ಹಕ್ಕಿ ಹೋತು. ಇಲ್ಲದ ಹಕ್ಕಿ ಹುಟ್ಟಿಸಿದ್ರ ಇಷ್ಟು ದಿನ ಮಾಡಿದ್ದೆಲ್ಲಾ ಸುಳ್ಳಾಗ್ತದ. ಏನಾಗೇತಿ ನಿನಗ? ಮದುವಿ ಚಿಂತಿ ಏನು?" ಎಂದು ಭುವನಾಳನ್ನು ಕೇಳಿದರು. ನನ್ನ ಹಾಳೆಯನ್ನು ಬೆರಳಿನಿಂದ ತಟ್ಟಿ, "ಇಕಿ ನೋಡು, ಮಾತಿಲ್ಲ ಕತಿ ಇಲ್ಲ, ಒಂದೂ ತಪ್ಪಿಲ್ಲ," ಎಂದರು.

ಇಕಿ ನೋಡು.

ದಿನಾ ಹೀಗೆ ಮಾಡುವುದಿಲ್ಲ. ಹೆಚ್ಚಿನವನ್ನು ಸರಿಯಾಗಿಯೇ ಹೇಳುತ್ತೇನೆ. ಎಲ್ಲವೂ ತಪ್ಪಾದರೆ ಅವಳು ಕೇಳುವುದನ್ನೇ ಬಿಟ್ಟಾಳು.

ಮಾರ್ಚ್ 20

ಭುವನಾ ಈಗ ಮೆಲ್ಲಗೆ ಮಾತಾಡುತ್ತಾಳೆ. ಸರ್ ಆಗಾಗ "ಏನಂದಿ?" ಎಂದು ಕೇಳಬೇಕಾಗುತ್ತದೆ. ನಾನೇ ಬಿಡಿಸಿ ಹೇಳುತ್ತೇನೆ, "ಸೂರಕ್ಕಿ ಅಂತೆ ಸರ್." ಇವತ್ತು ಪಾಲಯ್ಯ, "ಏನವ್ವಾ ಭುವನಮ್ಮಾ, ಬಾಯಿ ಒತ್ತಿ ಇಟ್ಟೀಯೇನು?" ಎಂದಿದ್ದಕ್ಕೆ ನಾನು, "ಬಡ್ಡಿಗೆ ಬಿಟ್ಟಿದ್ದಾಳೆ," ಎಂದೆ. ಸರ್ ಕೂಡ ನಕ್ಕರು. ನಾನು ತಮಾಷೆ ಮಾಡಬಲ್ಲೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವಳ ತಾಯಿ ಬಸವರಾಜೇಶ್ವರಿ ಅಮ್ಮ ನನ್ನ ತಟ್ಟೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಮಗಳು ಕೈ ತೊಳೆಯಲು ಹೋದದ್ದನ್ನು ನೋಡಿಕೊಂಡು, "ತಂಗೀ, ಅಕಿಗೆ ಒಂದೀಟು ಹೇಳಿಕೊಡವಾ. ಹಾಸಿಗ್ಯಾಗೂ ಹಕ್ಕಿ ಹೆಸರು ಬಡಬಡಿಸ್ತಾಳ. ವಾಗೀಶ ನನ್ನ ತಮ್ಮನ, ಖರೆ. ಆದ್ರೂ ಅಕಿ ಮನಸಿನಾಗ ಇಲ್ಲದ್ದು ಮಾಡಾಕ ನನಗ ಹೊಟ್ಟಿ ಉರೀತದ," ಎಂದರು.

"ಹೇಳಿಕೊಡ್ತೀನಿ ಅಮ್ಮಾ," ಎಂದೆ. ಹೋಳಿಗೆ ಬಿಸಿಯಿತ್ತು.

ಮಾರ್ಚ್ 24

ಭುವನಾ ಕಲಿಯುತ್ತಿದ್ದಾಳೆ. ಇವತ್ತು ನನ್ನನ್ನು ನೋಡುವ ಮೊದಲೇ ಅವಳ ತುಟಿ ಮಧುರಕಂಠ ಎಂದು ಅಲುಗಿತು. ಸರಿಯಾಗಿತ್ತು. ಆದರೂ ತಿರುಗಿ ನೋಡಿದಳು. ನಾನು ಅಲ್ಲವೆಂದು ತಲೆಯಾಡಿಸಿ ಎಲೆಹಕ್ಕಿ ಎಂದೆ. ಕಣ್ಣು ಮುಚ್ಚಿ ಇನ್ನೊಮ್ಮೆ ಕಿವಿಗೊಟ್ಟಳು. ಆಮೇಲೆ ಎಲೆಹಕ್ಕಿ ಎಂದಳು.

ಕೂಗು ಅವಳ ಕಿವಿಯಲ್ಲಿ ಬದಲಾದದ್ದು ಮುಖದ ಮೇಲೆ ಕಾಣಿಸಿತು. ಬಹಳ ಕುತೂಹಲದ ಸಂಗತಿ.

ಮಾರ್ಚ್ 28

ಅನಂತಪುರದಿಂದ ವಿಜಯಲಕ್ಷ್ಮಿ ಮೇಡಂ ಬಂದಿದ್ದರು. ಉಳಿಯುವವರು ಯಾರು ಎಂದು ತೀರ್ಮಾನಿಸುವವರು ಅವರೇ. ಬೆಳಿಗ್ಗೆ ಸರ್, ಮೇಡಂ, ನಾವಿಬ್ಬರು ಬೆಟ್ಟ ಹತ್ತಿದೆವು. ಹಕ್ಕಿ ಕೂಗಿದಾಗ ಮೇಡಂ ಮೊದಲು ಭುವನಾಳನ್ನು, ನಂತರ ನನ್ನನ್ನು ಕೇಳುತ್ತಿದ್ದರು. ಭುವನಾ ಎದುರಿಗಿದ್ದಳು. ನಾನು ಮೇಡಂ ಬೆನ್ನ ಹಿಂದೆ.

ಸುಲಭದವೆಲ್ಲ ಆದವು. ಅವನ್ನೆಲ್ಲ ಸರಿಯಾಗಿ ತೋರಿಸಿದೆ. ಅವಳ ಮುಖ ಅರಳುತ್ತಿತ್ತು. ಮೇಡಂ, "ಪರ್ವಾಲೇದು ಅಮ್ಮಾಯಿ, ಚೆನ್ನಾಗಿದೆ," ಎಂದರು. ಸರ್ ಮುಖದಲ್ಲೂ ಹಳೆಯ ಕಳೆ ಬಂತು.

ಆಮೇಲೆ ಮೇಲಿನ ಬಂಡೆಯ ಸಂದಿಯಿಂದ ಅದು ಕೂಗಿತು. ಗಳಗಳ ಎಂದು ಶುರುವಾಗಿ, ತಡೆದು, ಬಿಡಿಸಿ ಹೇಳಿ ಮುಗಿಸಿತು. ಹಳದಿ ಕೊರಳಿನದೇ. ಎಲ್ಲರೂ ಉಸಿರು ಹಿಡಿದರು. ಭುವನಾಳ ಕಣ್ಣು ದೊಡ್ಡದಾಯಿತು. ಅವಳಿಗೆ ಗೊತ್ತಾಗಿತ್ತು, ನನಗೆ ಅನುಮಾನವೇ ಇಲ್ಲ. ಬಾಯಿ ತೆರೆದಳು. ತೆರೆದು, ನನ್ನನ್ನು ನೋಡಿದಳು.

ಬಿಳಿಹುಬ್ಬು, ಎಂದು ತುಟಿಯಲ್ಲಿ ಹೇಳಿದೆ.

"ಹೇಳಮ್ಮ," ಎಂದರು ಮೇಡಂ.

"ಬಿಳಿಹುಬ್ಬಿನ... ಬಿಳಿಹುಬ್ಬಿನ ಪಿಕಳಾರ ರೀ."

ಸರ್ ನೆಲ ನೋಡಿದರು. ಮೇಡಂ ತಿರುಗಿ, "ನೀನು?" ಎಂದರು.

"ಹಳದಿ ಕೊರಳಿನ ಪಿಕಳಾರ, ಮೇಡಂ," ಎಂದೆ. ಬಂಡೆಗೆ ಬಡಿದು ನನ್ನ ಧ್ವನಿ ವಾಪಸು ಬಂತು. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿದ್ದಿಲ್ಲ.

ಅಷ್ಟರಲ್ಲಿ ಹಕ್ಕಿ ತಾನೇ ಹಾರಿ ಬಂದು ಬೋಳು ಬಂಡೆಯ ಮೇಲೆ ಕೂತಿತು. ಬಿಸಿಲಿಗೆ ಕೊರಳು ಅರಿಶಿನದಂತೆ ಹೊಳೆಯಿತು. ಮೇಡಂ ಸಂತೋಷದಿಂದ ನನ್ನ ಭುಜ ಹಿಡಿದುಕೊಂಡರು. ಭುವನಾ ಹಕ್ಕಿಯನ್ನು ನೋಡುತ್ತಿರಲಿಲ್ಲ.

ಮಾರ್ಚ್ 29

ಭುವನಾ ಮಹಡಿಗೆ ಬಂದಳು. ಥಾನುಗಳ ಮೇಲೆ ಕೂತಳು. ಥಾನಿನ ಅಂಚಿನ ನೂಲು ಎಳೆಯುತ್ತ, "ಗಂಗೂ, ನೀ ನನಗ ಬಿಳಿಹುಬ್ಬು ಅಂದಿಯಲ್ಲೇನು?" ಎಂದಳು.

"ಇಲ್ಲ ಕಣೆ. ನಾನು ಹಳದಿ ಕೊರಳು ಅಂದೆ. ನೀನೇ ತಪ್ಪು ತಿಳ್ಕಂಡೆ."

"ನಾ ನೋಡಿದ್ನಲ್ಲ..."

"ಗಾಬರೀಲಿದ್ದೆ ನೀನು. ನಿನ್ನ ಕೆಡಿಸಿ ನಂಗೇನಾಗ್ಬೇಕು? ಬೇಕಿದ್ರೆ ಸರ್ ಹತ್ರ ಹೋಗಿ ಕೇಳು, ಇವಳು ನಂಗೆ ತೋರಿಸ್ತಿದ್ಲು ಅಂತ ಹೇಳು."

ಅದನ್ನು ಅವಳು ಹೇಳಲಾರಳು. ಇಬ್ಬರಿಗೂ ಗೊತ್ತಿತ್ತು.

"ಛೇ, ಹಂಗಲ್ಲ," ಎಂದಳು. ಮಿಷನ್ನಿನ ಸದ್ದಿಗೆ ಕೋಣೆ ನಡುಗುತ್ತಿತ್ತು. "ನನ್ನ ಕಿವಿಗೆ ಹಳದಿ ಕೊರಳಿಂದು ಅಂತನ ಬಿದ್ದಿತ್ತು ನೋಡು. ಬಾಯಿಗೂ ಬಂದಿತ್ತು. ನೀ ಬ್ಯಾರೆ ಏನೋ ಅಂದಂಗಾತು. ಗಂಗೂ ಯಾವಾಗ ತಪ್ಪ್ಯಾಳ, ತಪ್ಪಿದ್ದು ನನ್ನ ಕಿವೀನ ಇರಬೇಕು ಅಂದ್ಕೊಂಡೆ." ಆಮೇಲೆ ನಕ್ಕಳು. "ಕಿವೀ ಇಲ್ಲ, ಕಣ್ಣೂ ಇಲ್ಲ. ಇಂಥಾಕಿ ಜೋಡಿ ನೀ ಇಷ್ಟು ದಿನ ಹೆಂಗ ಏಗಿದಿ?"

ಅವಳ ಮೂಗು ಸೋರುತ್ತಿತ್ತು. ಒರೆಸಿಕೊಳ್ಳಲು ನನ್ನ ಟವೆಲ್ ಕೊಟ್ಟೆ.

ಏಪ್ರಿಲ್ 2

ಕೆಲಸ ನನಗೆ. ಅಪ್ಪನಿಗೆ ಫೋನ್ ಮಾಡಿದೆ. "ಯಾಕೆ ಕಿರುಚ್ತೀಯಮ್ಮಿ, ಕೇಳಿಸ್ತೈತೆ," ಎಂದ.

ಏಪ್ರಿಲ್ 9

ಯುಗಾದಿ. ಕೆಳಗೆ ಒಪ್ಪಿಗೆಯ ಮಾತು ಮುಗಿಯಿತು, ವೀಳ್ಯ ಬದಲಾಯಿಸಿಕೊಂಡರು. ಬಸವರಾಜೇಶ್ವರಿ ಅಮ್ಮ ಮೇಲಕ್ಕೆ ಬಂದು, ಮದುವೆ ಸಾಮಾನು ಇಡಲು ಕೋಣೆ ಬೇಕಾಗುತ್ತದೆ, ತಪ್ಪು ತಿಳಿಯಬೇಡ ಎಂದು ಕೈ ಹಿಡಿದುಕೊಂಡರು. ಬೇವುಬೆಲ್ಲ ತಂದಿದ್ದರು. ಮಗಳಿಗೆ ಹೇಳಿಕೊಟ್ಟೆಯಾ ಎಂದು ಅವರು ಕೇಳಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಇದಕ್ಕಿಂತ ಒಳ್ಳೆಯ ಕೋಣೆ ಸಿಕ್ಕಿದೆ. ಮಂಚ ನಡುಗುವುದಿಲ್ಲ.

ಏಪ್ರಿಲ್ 24

ಮದುವೆ. ಅಕ್ಷತೆ ಹಾಕಿದೆ. ವಾಗೀಶ್ ನಿಜಕ್ಕೂ ಒಳ್ಳೆಯವರು. ತಾಳಿ ಕಟ್ಟುವಾಗ ಅವರ ಕಣ್ಣಲ್ಲೇ ನೀರಿತ್ತು. ಭುವನಾ ತೊಟ್ಟಿಲ ಮಗುವಿನಂತೆ ಎಲ್ಲೋ ನೋಡುತ್ತಿದ್ದಳು. ಊಟಕ್ಕೆ ಗೋಧಿ ಹುಗ್ಗಿ.

ಮೇ 6

ಗುಮ್ಮಘಟ್ಟದ ಕುರುಚಲು ಕಾಡಿನಲ್ಲಿ ಸಮೀಕ್ಷೆ ಮುಗಿಯುವಾಗ ಬಿಸಿಲೇರಿತ್ತು. ಭುವನಾಳ ಮನೆ ಹತ್ತಿರವೇ ಎಂದು ನೆನಪಾಗಿ ಹೋದೆ. ಮುಂದೆ ಅಂಗಡಿ, ಹಿಂದೆ ಮನೆ, ಹಿತ್ತಲಲ್ಲಿ ಬೇವಿನ ಮರ. ಮಜ್ಜಿಗೆ ಕೊಟ್ಟಳು. ಹನ್ನೆರಡು ದಿನಕ್ಕೇ ಸ್ವಲ್ಪ ದಪ್ಪಗಾಗಿದ್ದಾಳೆ. ಬೆಟ್ಟದ ಸುದ್ದಿ ಕೇಳಿದಳು. ಹೇಳಿದೆ. ಸರ್ ಹೇಗಿದ್ದಾರೆ ಎಂದು ಕೇಳಿದಳು. ಅದನ್ನೂ ಹೇಳಿದೆ. ನಡುನಡುವೆ ಅವಳ ಮಾತು ಕೇಳಿಸದೆ "ಏನು?" ಎನ್ನಬೇಕಾಗುತ್ತಿತ್ತು.

ಆಗ ಬೇವಿನ ಮರದ ತುದಿಯಿಂದ ಮಡಿವಾಳ ಹಕ್ಕಿಯೊಂದು ಹಾಡತೊಡಗಿತು. ಗುರುತಿಸಲು ಕಿವಿಯೇ ಬೇಡ ಎನ್ನುವಷ್ಟು ಸ್ಪಷ್ಟವಾದ ಹಾಡು. ಭುವನಾ ಲೋಟ ಕೆಳಗಿಟ್ಟಳು. ಮುಖಕ್ಕೆ ಬಹಳ ದಿನಗಳ ಮೇಲೆ ಬೆಳಕು ಬಂದಂತಾಯಿತು.

"ಮಡಿವಾಳ," ಎಂದಳು. ನಂತರ ನನ್ನ ಕಡೆ ತಿರುಗಿ, "ಹೌದಲ್ಲೇನು?"

"ಅಲ್ಲ ಕಣೆ, ಪಿಕಳಾರ," ಎಂದೆ.

ಕೆಲಸ ನನ್ನದಾಗಿ ತಿಂಗಳ ಮೇಲಾಯಿತು. ಹಾಗೆ ಹೇಳಿ ನನಗೆ ಆಗಬೇಕಾದ್ದು ಏನೂ ಇರಲಿಲ್ಲ. ಬಾಯಿಗೆ ಬಂತು, ಹೇಳಿದೆ.

"ಹೌದೇನು," ಎಂದು ಅವಳು ಲೋಟ ಎತ್ತಿಕೊಂಡಳು.

ಅಂಗಡಿಯಿಂದ ವಾಗೀಶ್, "ಭುವನಾ, ಎಷ್ಟು ಚಂದ ಹಾಡಾಕತ್ತೈತಿ, ಯಾವ ಹಕ್ಕಿ ಅದು?" ಎಂದು ಕೂಗಿದರು.

"ನನಗೇನು ತಿಳೀತದ್ರೀ," ಎಂದಳು ಅವಳು. "ಗಂಗೂ ಅದಾಳಲ್ಲ, ಅಕಿನ್ನ ಕೇಳ್ರಿ."

"ಪಿಕಳಾರ ರೀ," ಎಂದೆ, ಅಂಗಡಿಯವರೆಗೂ ಕೇಳಿಸುವಂತೆ. ಅವರು ಅದನ್ನು ಮೊಳೆ ತೂಗಿಸಿಕೊಳ್ಳುತ್ತಿದ್ದ ಗಿರಾಕಿಗೆ ಹೇಳಿದರು. ಪಿಕಳಾರ ಅಂತ ನೋಡಪಾ. ಗಿರಾಕಿ ಹೂಂಗುಟ್ಟಿದ. ಕಪ್ಪು ಬಿಳುಪಿನ ಹಕ್ಕಿ ಬಾಲವೆತ್ತಿಕೊಂಡು, ಎಲ್ಲರ ಕಣ್ಣೆದುರೇ, ಒಣಗಿದ ಕೊಂಬೆಯ ಮೇಲೆ ಹಾಡುತ್ತಿತ್ತು. ಹೆಸರು ಸಿಕ್ಕಿದ ಮೇಲೆ ಯಾರೂ ತಲೆ ಎತ್ತಿ ನೋಡಲಿಲ್ಲ.